ಕಡಲಿಗೆ ಬೆನ್ನು ಹಾಕದ ಮಾಮೆ ಅರಾಬಾ

ಮಾಮೆ ಅರಾಬಾ ಯಾರ ಜೊತೆ ಮಾತಾಡಿದರೂ ಅವರ ಮುಖ ನೋಡುವುದಿಲ್ಲ. ಎದುರಿಗಿರುವವರ ಭುಜದ ಮೇಲಿಂದ ಅವಳ ದೃಷ್ಟಿ ಹಾದುಹೋಗಿ ಅಲೆಗಳ ಮೇಲೆ ನಿಂತಿರುತ್ತದೆ. ಹೊಸದಾಗಿ ಬಂದವರು ಇದನ್ನು ಗರ್ವವೆಂದೋ ಮೆಳ್ಳಗಣ್ಣೆಂದೋ ತಿಳಿದು ಒಳಗೊಳಗೇ ನೊಂದುಕೊಳ್ಳುತ್ತಾರೆ. ಅವಳ ಮೀನು ಹುರಿಯುವ ಒಲೆ ಕಡಲಿಗೆ ಮುಖಮಾಡಿದೆ. ಚರ್ಚಿನಲ್ಲೂ ಅವಳಿಗೆ ನೀರು ಕಾಣುವ ಕಿಟಕಿಯ ಪಕ್ಕದ ಬೆಂಚೇ ಆಗಬೇಕು. ಪಾದ್ರಿಗಳು ಒಮ್ಮೆ ಮೆಲ್ಲಗೆ ಆಕ್ಷೇಪಿಸಿದಾಗ, "ದೇವರು ಎಲ್ಲಾ ಕಡೆ ಇದ್ದಾನೆ ಅಂತ ನೀವೇ ಹೇಳ್ತೀರಲ್ಲ ಫಾದರ್, ನಾನು ಆ ಕಡೆ ಇರೋನ್ನ ನೋಡ್ತೀನಿ" ಎಂದಳಂತೆ.

ಅರವತ್ತು ದಾಟಿದ, ಗಿಡ್ಡನೆಯ, ಬಲಗಾಲನ್ನು ತುಸು ಎಳೆದು ನಡೆಯುವ ಈ ಹೆಂಗಸು ಫಾಂಟಿ ಜನರ ನಮ್ಮ ಕಡಲೂರಿನಲ್ಲಿ ಮೂರು ಕೋಣೆಗಳ ಒಂದು ವಸತಿಮನೆಯ ಒಡತಿ, ಒಂದು ದೋಣಿಯ ಯಜಮಾನಿ. ದೋಣಿಯ ಮಗ್ಗುಲಿಗೆ 'ಕೇಳಿದವನು ಬದುಕಿದ' ಎಂದು ಕೆಂಪಕ್ಷರದಲ್ಲಿ ಬರೆಸಿದ್ದಾಳೆ. ಯಾವುದೋ ಹಡಗಿನ ಅಡುಗೆಯವನು ಬಿಟ್ಟುಹೋದ ಹಳದಿ ರಬ್ಬರ್ ಕೋಟೊಂದು ಸುಡುಬಿಸಿಲಿನಲ್ಲೂ ಅವಳ ಮೈಮೇಲಿರುತ್ತದೆ. ಇಪ್ಪತ್ತು ವರ್ಷದ ಹಿಂದೆ ಇಲ್ಲಿನ ಶಾಲೆಗೆ ಮೇಷ್ಟರಾಗಿ ಬಂದ ನಾನು, "ಬೇಯೋದಿಲ್ವೇನಮ್ಮಾ ಅದರೊಳಗೆ?" ಎಂದು ಕೇಳಿದ್ದೆ. "ಬೇಯ್ತೀನಿ. ಆದ್ರೆ ನೀರಲ್ಲಿರೋರಿಗೆ ಕಾಣ್ತೀನಿ" ಎಂದಿದ್ದಳು.

ಅವಳಲ್ಲಿ ಇಳಿದುಕೊಂಡವರಿಗೆ ಕೋಣೆಯ ಬೀಗದ ಕೈ ಸುಮ್ಮನೆ ಸಿಗುವುದಿಲ್ಲ; ಮೊದಲು ಉಪದೇಶವಾಗಬೇಕು. ಕಾಯಿ ತುಂಬಿದ ತೆಂಗಿನ ಮರದಡಿ ಚಾಪೆ ಹಾಸಬೇಡಿ, ನೆರಳು ತಲೆ ಒಡೆದೀತು. ಎಡಗೈಯಲ್ಲಿ ಏನನ್ನೂ ಕೊಡಬೇಡಿ, ಎಡಗೈ ಬೀಸಿ ಯಾರನ್ನೂ ಕರೆಯಬೇಡಿ. ಬಲೆ ಎಳೆಯುವವರ ಚಿತ್ರ ತೆಗೆಯುವ ಮುನ್ನ ನೀವೂ ಹಗ್ಗಕ್ಕೆ ಕೈ ಹಾಕಿ. ಚಿತ್ರವೂ ಸಿಗುತ್ತದೆ, ಮಧ್ಯಾಹ್ನದ ಹುಳಿ ಮೆಕ್ಕೆಜೋಳದ ಕೆಂಕಿಮುದ್ದೆಯ ಜೊತೆಗೆ ಮೀನೂ ಸಿಗುತ್ತದೆ. ಹಳ್ಳ ಬಂದು ಕಡಲು ಸೇರುವ ಬಾಯಿಯಲ್ಲಿ ನೀರು ನುಣ್ಣಗಿರುತ್ತದೆ, ಅಲೆ ಒಡೆಯುವುದಿಲ್ಲ. ಅದನ್ನು ನಂಬಲೇಬೇಡಿ, ಒಳಕ್ಕೆಳೆಯುವ ಸೆಳವು ಇರುವುದೇ ಅಲ್ಲಿ. ಸೆಳೆಯಿತೋ, ದಡಕ್ಕೆ ಈಜಿ ಕಡಲಿನ ಜೊತೆ ಜಗಳಕ್ಕಿಳಿಯಬೇಡಿ. ಏಡಿಯ ಹಾಗೆ ಅಡ್ಡಕ್ಕೆ ಹೋಗಿ, ದಡದಲ್ಲಿ ನನ್ನ ಹಳದಿ ಕೋಟು ಯಾವ ಕಡೆ ನಡೆಯುತ್ತದೋ ಆ ಕಡೆಗೆ ಹೋಗಿ. ಇನ್ನು ಮಂಗಳವಾರವಂತೂ ನೀರಿಗಿಳಿಯಲೇಬೇಡಿ. ಅದು ಕಡಲಪ್ಪ ವಿಶ್ರಮಿಸುವ ದಿನ, ಊರಿನ ಒಂದು ದೋಣಿಯೂ ಹೊರಡುವುದಿಲ್ಲ, ನಿಮ್ಮನ್ನು ಎತ್ತಿ ತರುವವರಿರುವುದಿಲ್ಲ.

ಇಷ್ಟಾದ ಮೇಲೆ ಬೀಗದ ಕೈಯನ್ನು ಬೆರಳಿನಲ್ಲಿ ತೂಗಾಡಿಸುತ್ತ ಅವಳು ಕೇಳುವುದು ಒಂದೇ ಮಾತು: "ಎಲ್ಲಿ, ತಿರುಗಿ ಹೇಳಿ ನೋಡೋಣ."

ದೇಶಾಂತರದ ಪ್ರೊಫೆಸರರೂ ಆ ಅಂಗಳದಲ್ಲಿ ಕೈಕಟ್ಟಿ ನಿಂತು, ಮಗ್ಗಿ ಒಪ್ಪಿಸುವವರ ಹಾಗೆ ಏಡಿ, ಕೋಟು, ಮಂಗಳವಾರ ಎಂದು ಒಪ್ಪಿಸಿದ್ದನ್ನು ನಾನು ಕಂಡಿದ್ದೇನೆ. ಹೇಳಿದ್ದೇ ಹೇಳುವ ಕಿಸಬಾಯಿ ದಾಸ ಎಂದು ಊರು ಅವಳನ್ನು ಆಡಿಕೊಳ್ಳುತ್ತಿತ್ತು. ನಾನೂ ಆಡಿಕೊಂಡಿದ್ದೇನೆ, ಸುಳ್ಳೇಕೆ.

ದೀಪದ ಬುಡದಲ್ಲೇ ಕತ್ತಲೆಯಂತೆ, ಅವಳೂ ಒಮ್ಮೆ ತಪ್ಪಿದಳು. ಕುಮಾಸಿಯಿಂದ ಅಡುಸೆ ಎಂಬ ಲಾರಿ ಮೆಕ್ಯಾನಿಕ್, ಹೊಸದಾಗಿ ಮದುವೆಯಾದ ಹೆಂಡತಿ ಸೆರ್ವಾಳೊಂದಿಗೆ ಬಂದ. ಒಳನಾಡಿನವನು, ಹುಟ್ಟಿದಾಗಿನಿಂದ ಕಡಲು ಕಂಡವನಲ್ಲ. ಆದರೆ ಆಡುವ ಭಾಷೆ ನಮ್ಮದಕ್ಕೆ ಅಕ್ಕತಂಗಿ. ಬಂದವನೇ ಅವಳನ್ನು ಅಮ್ಮಾ ಎಂದ, ಹುರಿದ ಮೀನನ್ನು ತಲೆಸಮೇತ ಅಗಿದು ನುಂಗಿದ. ನಮ್ಮವನೇ, ಇವನಿಗೆ ಹೇಳುವುದೇನು ಎಂದು ಮಾಮೆ ಅರಾಬಾ ಬೀಗದ ಕೈಯನ್ನು ಹಾಗೆಯೇ ಕೊಟ್ಟುಬಿಟ್ಟಳು.

ಮರುದಿನ ಮಂಗಳವಾರ. ಶಾಲೆಗೆ ರಜೆಯಿದ್ದುದರಿಂದ ನಾನು ಅವಳ ಜಗಲಿಯಲ್ಲಿ ಗಂಜಿ ಕುಡಿಯುತ್ತಿದ್ದೆ. ಗಂಡಸರೆಲ್ಲ ತೆಂಗಿನ ಮರಗಳಾಚೆ ಹರಿದ ಬಲೆ ಹೊಲಿಯುತ್ತಿದ್ದರು, ದೋಣಿಗಳು ಮರಳ ಮೇಲೆ ಸಾಲಾಗಿ ಮಲಗಿದ್ದವು. ನನ್ನ ಭುಜದ ಮೇಲಿಂದ ನೋಡುತ್ತಿದ್ದ ಅವಳ ಕೈಯ ಸೌಟು ತಟ್ಟನೆ ಕೆಳಗೆ ಬಿತ್ತು. ತಿರುಗಿ ನೋಡಿದರೆ, ಹಳ್ಳದ ಬಾಯಿಯ ನುಣ್ಣನೆಯ ನೀರಿನಾಚೆ ಒಂದು ತಲೆ. ಅಲೆಯಿಲ್ಲದ ಜಾಗವೆಂದು ಹುಡುಕಿ ಅಲ್ಲೇ ಇಳಿದಿದ್ದ ಅಡುಸೆ, ದಡದತ್ತ ಕೈ ಬಡಿಯುತ್ತಲೇ ದೂರ ದೂರ ಸರಿಯುತ್ತಿದ್ದ. ಸೆರ್ವಾ ಮೊಣಕಾಲು ನೀರಿನಲ್ಲಿ ನಿಂತು ಚೀರುತ್ತಿದ್ದಳು.

ಕಾಲೆಳೆಯುವ ಆ ಹೆಂಗಸು ಹಾಗೆ ಓಡಿದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ದಡಕ್ಕೆ ಹೋದವಳು ಎರಡೂ ಕೈ ಬೀಸುತ್ತ ಪಡುವಣಕ್ಕೆ ನಡೆದಳು; ಅಡ್ಡ ಬಾ, ಅಡ್ಡ ಬಾ ಎಂಬ ಸನ್ನೆ. ಹಳದಿ ಕೋಟು ಅವನಿಗೆ ಕಂಡಿರಲೇಬೇಕು. ಆದರೆ ಹೇಳಿಸಿಕೊಳ್ಳದವನಿಗೆ ಅದರ ಅರ್ಥ ತಿಳಿಯುವುದು ಹೇಗೆ? ಅವನು ನೇರವಾಗಿ ಅವಳತ್ತಲೇ ಈಜಿದ, ಮತ್ತಷ್ಟು ದೂರ ಹೋದ. ಅದನ್ನು ನೋಡಿದ ಕ್ಷಣ ಬೀಸುತ್ತಿದ್ದ ಕೈಗಳನ್ನು ಅವಳು ಕೆಳಗಿಳಿಸಿದಳು. ತನ್ನ ತಪ್ಪು ಅವಳಿಗೆ ಅಲ್ಲೇ ಗೊತ್ತಾಗಿರಬೇಕು.

ಅವಳು ದೋಣಿಯ ಕಡೆ ತಿರುಗಿ ಆಳುಗಳನ್ನು ಕೂಗಿದಳು. ಓಡಿಬಂದವರು ದೋಣಿಗೆ ಕೈಯಿಟ್ಟು ಹಾಗೇ ನಿಂತುಬಿಟ್ಟರು. ಮಂಗಳವಾರ ದೋಣಿ ನೀರಿಗಿಳಿದದ್ದು ನಮ್ಮೂರಿನಲ್ಲಿ ಯಾರ ನೆನಪಿನಲ್ಲೂ ಇಲ್ಲ. ಬೆಸ್ತರ ಮುಖಂಡ ನಾನಾ ಒಟು, ಎಪ್ಪತ್ತು ವರ್ಷದ ಮುದುಕ, ಬಲೆ ಹೊಲಿಯುವ ಸೂಜಿ ಹಿಡಿದುಕೊಂಡೇ ಎದ್ದುಬಂದಿದ್ದ. ಆಳುಗಳು ಅವನ ಮುಖ ನೋಡಿದರು. ಮಾಮೆ ಅರಾಬಾ ದೋಣಿಯೊಳಗಿದ್ದ ಬಲೆಯನ್ನು ಎಳೆದೆಳೆದು ಎಲ್ಲರಿಗೂ ಕಾಣುವಂತೆ ಮರಳಿಗೆಸೆದಳು.

"ನೋಡ್ಕೊಳ್ಳಿ, ಬಲೆ ಇಲ್ಲ! ದೋಣಿ ನಂದು, ಪಾಪಾನೂ ನಂದು. ನೂಕ್ರೋ!"

ನೂಕಿದರು. ಆರು ಹುಟ್ಟುಗಳು ಒಟ್ಟಿಗೆ ಬಿದ್ದವು. ದಡದಲ್ಲಿ ಮಾಮೆ ಅರಾಬಾ ಸೆರ್ವಾಳ ರಟ್ಟೆ ಹಿಡಿದು, ಕಡಲನ್ನೇ ದಿಟ್ಟಿಸುತ್ತ, "ತರ್ತಾರೆ ಮಗಳೇ, ತಂದೇ ತರ್ತಾರೆ" ಎನ್ನುತ್ತಿದ್ದಳು. ತಂದರು. ಮರಳ ಮೇಲೆ ಬೋರಲು ಹಾಕಿದಾಗ ಅಡುಸೆ ಹೊಟ್ಟೆಯ ಉಪ್ಪುನೀರನ್ನೆಲ್ಲ ಕಾರಿ, ಉಸಿರೆಳೆದು, ಮಗುವಿನಂತೆ ಅತ್ತ.

ಸಂಜೆ ಹಿರಿಯರು ಸೇರಿದರು. ಮಂಗಳವಾರ ದೋಣಿ ಇಳಿಸಿದವರು ಒಂದು ಕುರಿ, ಎರಡು ಬಾಟಲಿ ಮದ್ಯ ತಪ್ಪುಕಾಣಿಕೆ ಒಪ್ಪಿಸಬೇಕೆಂಬುದು ಕಟ್ಟಳೆ. ಜೀವ ಉಳಿದದ್ದರಿಂದ ನಾನಾ ಒಟುವಿನ ಮನಸ್ಸು ಮೆತ್ತಗಾಗಿತ್ತು. "ಹೋಗ್ಲಿ ಬಿಡು ಅರಾಬಾ, ನೀನೇನು ಮೀನು ಹಿಡಿಯೋಕೆ ಹೋಗ್ಲಿಲ್ಲವಲ್ಲ" ಎಂದ.

"ಬಿಡಬೇಡಿ ನಾನಾ. ನನ್ನ ಬಿಟ್ರೆ ಬರೋ ಮಂಗಳವಾರ ಅರ್ಧ ಊರಿನ ದೋಣಿಗಳು ಮುಳುಗಿದೋರನ್ನ ಹುಡುಕೋಕೆ ಹೊರಡ್ತವೆ, ಬಲೆ ಸಮೇತ."

ಸಭೆ ನಕ್ಕಿತು. ಅವಳು ನಗಲಿಲ್ಲ.

"ನಾನು ಕುರಿ ಕೊಡ್ತಿರೋದು ದೋಣಿ ಇಳಿಸಿದ್ದಕ್ಕಲ್ಲ. ಅದನ್ನ ಬೇಕಾದ್ರೆ ಬರೋ ಮಂಗಳವಾರಾನೂ ಇಳಿಸ್ತೀನಿ. ಆ ಹುಡುಗ ನನ್ನ ಕೋಟು ನೋಡ್ದ, ನನ್ನ ನಂಬಿ ನನ್ನ ಕಡೆಗೇ ಈಜಿದ. ನಾನು ಅವನಿಗೆ ಹೇಳೇ ಇರ್ಲಿಲ್ಲ. ನಮ್ಮವನು, ಇವನಿಗೇನು ಹೇಳೋದು ಅಂದ್ಕೊಂಡೆ. ಅದಕ್ಕೆ ಕೊಡ್ತೀನಿ."

ಮರುದಿನ ಬೆಳಿಗ್ಗೆ ಗಂಟಲು ಕಟ್ಟಿದ ಅಡುಸೆಯನ್ನು ಅಂಗಳದಲ್ಲಿ ನಿಲ್ಲಿಸಿ ಮೊದಲಿಂದ ಕೊನೆಯವರೆಗೆ ಹೇಳಿ, ತಿರುಗಿ ಹೇಳಿಸಿಕೊಂಡಳು. ಅಲ್ಲಿಂದೀಚೆಗೆ ಅವಳಿಗೆ ನಮ್ಮವರು ಹೊರಗಿನವರು ಎಂಬುದಿಲ್ಲ. ಮೀನು ಕೊಳ್ಳಲು ಬಂದವರಿಗೆ, ಪಾದ್ರಿಗಳಿಗೆ, ಇಪ್ಪತ್ತು ವರ್ಷದಿಂದ ಇದೇ ನೀರು ನೋಡುತ್ತಿರುವ ನನಗೆ, ಎಲ್ಲರಿಗೂ ಅದೇ ಪಾಠ. ಮೊನ್ನೆ ನಿಶ್ಚಿಂತೆಯಿಂದ ಹಳ್ಳದ ಬಾಯಿಯತ್ತ ಕಾಲು ತೊಳೆಯಲು ಹೊರಟಿದ್ದ ನಾನಾ ಒಟುವನ್ನೇ ಅಡ್ಡಗಟ್ಟಿದಳು.

"ನಾನು ಈ ಕಡಲಲ್ಲೇ ಹುಟ್ಟಿದೋನು ಕಣೇ!" ಎಂದು ಮುದುಕ ಗುಡುಗಿದ.

"ಹಾಗಂದ್ಕೊಂಡೇ ಒಂದ್ಸಲ ಬಾಯಿ ಮುಚ್ಕೊಂಡಿದ್ದೆ. ಎಲ್ಲಿ, ತಿರುಗಿ ಹೇಳಿ ನೋಡೋಣ."

ಊರಿಗೆ ಕಡಲಿನ ಕಟ್ಟಳೆ ಹೇಳುವ ಆ ಹಿರಿಯ, ಅವಳ ಭುಜದಾಚೆ ಯಾರಾದರೂ ನೋಡುತ್ತಿದ್ದಾರೆಯೇ ಎಂದು ಒಮ್ಮೆ ಕಣ್ಣಾಡಿಸಿ, ತಗ್ಗಿದ ದನಿಯಲ್ಲಿ ಏಡಿಯಿಂದ ಮಂಗಳವಾರದವರೆಗೆ ಒಪ್ಪಿಸಿದ. ಎಚ್ಚರಿಸುವುದೇ ಬಾಳಾದ ಇಂಥವರನ್ನು ನಾವು ವಾಚಾಳಿಗಳೆಂದು ನಗುತ್ತೇವೆ. ಇವರಿಂದ ಉಳಿದುಕೊಂಡವರು ನಕ್ಕು, ಚಿತ್ರ ತೆಗೆಸಿಕೊಂಡು, ಮರೆತು ಊರಿಗೆ ಹೋಗಿಬಿಡುತ್ತಾರೆ. ಎಚ್ಚರಿಸಿದವರ ಮನಸ್ಸಿನಲ್ಲಿ ನಿಲ್ಲುವವನು ತಾವು ಹೇಳದೆ ಬಿಟ್ಟ ಆ ಒಬ್ಬನೇ. ನಮಗೆ ನೂರು ಸಲ ಹೇಳುವಾಗಲೂ ಅವರು ಹೇಳುತ್ತಿರುವುದು ಅವನಿಗೆ.