ಒಂದು ಪಿಚ್, ಎರಡು ಪಿಚ್

ನಾನು ಸುಳ್ಳು ಹೇಳುವವನಲ್ಲ ಎಂದು ಇಪ್ಪತ್ತು ವರ್ಷ ಊರಿಗೆಲ್ಲ ಸಾರಿಕೊಂಡು ಬಂದವನು ನಾನು. ಕೊಲ್ಲಿ ದೇಶದಲ್ಲಿ, ಮೀನಾ ಅಲ್ ಅಹ್ಮದಿಯ ಎಣ್ಣೆ ರಿಫೈನರಿಗೆ ಜನ ಕೊಡುವ ಕಂಪನಿಯೊಂದರಲ್ಲಿ ಸೂಪರ್‌ವೈಸರ್. ಕೈಕೆಳಗೆ ನಲವತ್ತು ಮಂದಿ. "ಸುಕೇಶ್ ಸಾರ್ ಹತ್ರ ಸುಳ್ಳು ನಡೆಯುದಿಲ್ಲ" ಎಂದು ಅವರು ಮಾತಾಡಿಕೊಳ್ಳುವುದು ಕಿವಿಗೆ ಬಿದ್ದ ದಿನ ಒಂದು ಚಹಾ ಹೆಚ್ಚೇ ಕುಡಿಯುತ್ತಿದ್ದೆ. ಆ ಜಂಬವೆಲ್ಲ ಇಳಿದುಹೋದದ್ದು 2011ರ ಫೆಬ್ರವರಿಯ ಒಂದು ಶುಕ್ರವಾರ ಬೆಳಿಗ್ಗೆ.

ಅದಕ್ಕೆ ಮೊದಲು ನೊರ್ಬರ್ಟನ ಆಟದ ಬಗ್ಗೆ ಹೇಳಬೇಕು. ನೊರ್ಬರ್ಟ್ ನಮ್ಮ ಡ್ರಾಫ್ಟ್ಸ್‌ಮನ್, ಮೂಡುಬೆಳ್ಳೆಯವನು. ಕೆಲಸ ಬಿಟ್ಟು ಹೋದ ಅಮೆರಿಕನ್ ಇಂಜಿನಿಯರೊಬ್ಬ ಅವನಿಗೆ ಒಂದು ಹಳೆಯ ನಿಯಮಾವಳಿಯ ಜೆರಾಕ್ಸ್ ಕೊಟ್ಟಿದ್ದ. ನೂರೈವತ್ತು ವರ್ಷದ ಹಿಂದೆ ಬೇಸ್‌ಬಾಲನ್ನು ಹೇಗೆ ಆಡುತ್ತಿದ್ದರು ಎಂಬ ವಿವರ. ಕೈಗೆ ಗ್ಲೌಸ್ ಇಲ್ಲ. ಚೆಂಡನ್ನು ಕೆಳಗಿನಿಂದ ಮೆಲ್ಲಗೆ ಎಸೆಯಬೇಕು. ಹೊಡೆದ ಚೆಂಡು ನೆಲಕ್ಕೆ ಒಮ್ಮೆ ಬಡಿದು ಎದ್ದಾಗ ಹಿಡಿದರೂ ಔಟ್. ಎರಡು ಸಲ ಬಡಿದರೆ ಔಟಿಲ್ಲ. ಇದನ್ನು ಓದಿ ನೊರ್ಬರ್ಟ್ ಕುಣಿದಾಡಿದ. "ಇದು ನಮ್ಮ ಗಲ್ಲಿ ಕ್ರಿಕೆಟಿನ ಒನ್ ಪಿಚ್ ಕ್ಯಾಚ್ ಅಲ್ವಾ ಮಾರಾಯ! ನಮ್ಮವರಿಗೆ ಕಲಿಸ್ಲಿಕ್ಕೆ ಎಂತ ಉಂಟು?" ಫಹಾಹೀಲಿನ ಚಪ್ಪಲಿ ರಿಪೇರಿಯವನಿಂದ ಚರ್ಮದ ಚೆಂಡು ಹೊಲಿಸಿದ. ಬೇಸ್ ಎಂದು ಗೋಣಿಗೆ ಮರಳು ತುಂಬಿಸಿ ನಾಲ್ಕು ಕಡೆ ಇಟ್ಟ. ನಾಲ್ಕನ್ನೂ ಸುತ್ತಿ ಬಂದರೆ ಒಂದು ರನ್. ಎಗೈಲಾದಲ್ಲಿದ್ದ ನಮ್ಮಂಥ ಸಂಸಾರಸ್ಥರ ಒಂದು ತಂಡ, ಮೀನಾ ಅಬ್ದುಲ್ಲಾದ ಕ್ಯಾಂಪಿನ ಕೆಲಸಗಾರರ ಒಂದು ತಂಡ. ಹೆಂಗಸರು, ಮಕ್ಕಳು ಯಾರು ಬೇಕಾದರೂ ಆಡಬಹುದು. ಅಂಪೈರ್ ನೊರ್ಬರ್ಟನೇ.

ಆ ಜೆರಾಕ್ಸಿನಲ್ಲಿ ನೊರ್ಬರ್ಟ್ ಕೆಂಪು ಗೆರೆ ಹಾಕಿದ್ದು ಒಂದೇ ಕಡೆ. ಅಂಪೈರ್ ನೋಡದೆ ಹೋದರೆ ಆಟಗಾರರನ್ನೇ ಕೇಳಬೇಕು, ಅವರ ಮಾತೇ ಕೊನೆ. ಇದರ ಜೊತೆಗೆ ಅವನದೇ ಒಂದು ನಿಯಮ: ಆ ನಾಲ್ಕು ಗೋಣಿಗಳ ನಡುವೆ ಯಾರೂ ಸಾರ್ ಅಲ್ಲ, ಎಲ್ಲರಿಗೂ ಹೆಸರೇ. ಇದು ನನಗೆ ಅಷ್ಟು ಹಿಡಿಸಿರಲಿಲ್ಲ ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಎದುರು ತಂಡದ ನಾಯಕ ತನಿಯಪ್ಪ ನನ್ನ ಕೈಕೆಳಗೆ ಅಟ್ಟಣೆ ಕಟ್ಟುವ ಸ್ಕ್ಯಾಫೋಲ್ಡರ್. ವಿಟ್ಲದವನು, ಕಡ್ಡಿಯಂತಹ ಆಳು, ಕೈ ಮಾತ್ರ ಮೊರದಷ್ಟಗಲ. ಮೂರು ಶುಕ್ರವಾರ ಸಾಲಾಗಿ ನಮ್ಮನ್ನು ಸೋಲಿಸಿದ್ದ. ಊರಲ್ಲಿ ಅವನ ಹೊಸ ಮನೆಯ ಒಕ್ಕಲು ಇತ್ತು, ಎರಡೂವರೆ ವರ್ಷದಿಂದ ಊರು ಕಂಡಿರಲಿಲ್ಲ. ರಜೆಯ ಅರ್ಜಿ ಹದಿನೈದು ದಿನದಿಂದ ನನ್ನ ಮೇಜಿನ ಮೇಲಿತ್ತು. ಶಟ್‌ಡೌನ್ ರಿಪೇರಿ ಕೆಲಸ ಮುಗಿಯಲಿ, ನೋಡುವ ಎಂದಿದ್ದೆ.

ಆ ಶುಕ್ರವಾರ ಗಾಳಿ ಎದ್ದಿತ್ತು. ಜುಮಾ ನಮಾಜಿಗೆ ಹೋಗುವವರಿದ್ದರು, ಹನ್ನೊಂದಕ್ಕೆ ಆಟ ಮುಗಿಸಲೇಬೇಕು. ಅವರದು ಹದಿನಾರು, ನಮ್ಮದು ಹದಿನೈದು. ಇನ್ನೊಬ್ಬ ಔಟಾದರೆ ಕತೆ ಮುಗಿಯಿತು. ಮೂರನೇ ಗೋಣಿಯಲ್ಲಿ ನನ್ನ ಮಗಳು ತೃಪ್ತಿ, ಹನ್ನೆರಡು ವರ್ಷ, ಈವರೆಗೆ ಒಂದು ರನ್ನೂ ತೆಗೆದವಳಲ್ಲ. ಎರಡನೆಯದರಲ್ಲಿ ನಮ್ಮ ತಂಡದ ಮುಝಮ್ಮಿಲ್. ಬ್ಯಾಟು ನನ್ನ ಕೈಯಲ್ಲಿ.

ಬೀಸಿ ಹೊಡೆದೆ. ಚೆಂಡು ತೃಪ್ತಿಯ ಪಕ್ಕದಲ್ಲೇ ಹಾದು ಒಮ್ಮೆ ನೆಲಕ್ಕೆ ಬಡಿದು ಎದ್ದಿತು. ತನಿಯಪ್ಪ ಹಾರಿ ಎರಡೂ ಕೈಯಲ್ಲಿ ಹಿಡಿದ. ಒಂದೇ ಪಿಚ್. ನಾನು ಕಂಡೆ. ಧೂಳಿನಲ್ಲಿ ನೊರ್ಬರ್ಟ್ ಕಣ್ಣುಜ್ಜುತ್ತಿದ್ದುದನ್ನೂ ಕಂಡೆ. ಕಂಡವನೇ "ಓಡು ಮಗಾ!" ಎಂದು ಕಿರುಚಿದೆ. ತೃಪ್ತಿ ಓಡಿದಳು, ಹಿಂದೆಯೇ ಮುಝಮ್ಮಿಲ್. ತನಿಯಪ್ಪ ಚೆಂಡು ಹಿಡಿದುಕೊಂಡು ನಗುತ್ತಾ ನಿಂತೇ ಇದ್ದ, ಎಸೆಯಲಿಲ್ಲ. ಔಟ್ ಎಂದು ಗೊತ್ತಿದ್ದವನು ಯಾಕೆ ಎಸೆಯುತ್ತಾನೆ?

"ಸುಕೇಶ್, ಒಂದಾ ಎರಡಾ?" ನೊರ್ಬರ್ಟ್ ಕೇಳಿದ.

"ಎರಡು."

ಬಾಯಿಂದ ಎಷ್ಟು ಸಲೀಸಾಗಿ ಬಂತು! ಮಗಳ ಮೊದಲ ರನ್ನಿಗಾಗಿ ಹೇಳಿದೆ ಎಂದು ಆಮೇಲೆ ನನ್ನನ್ನು ನಾನೇ ನಂಬಿಸಲು ನೋಡಿದ್ದುಂಟು. ಅದಲ್ಲ. ದಿನಾ ಬೆಳಿಗ್ಗೆ ನನ್ನೆದುರು ಹಾಜರಿ ಹಾಕುವವರ ಕೈಯಲ್ಲಿ ನಾಲ್ಕನೇ ಸಲ ಸೋಲಲು ನನಗೆ ಮನಸ್ಸಿರಲಿಲ್ಲ, ಅಷ್ಟೆ.

ನೊರ್ಬರ್ಟ್ ತನಿಯಪ್ಪನ ಕಡೆ ತಿರುಗಿದ. ತನಿಯಪ್ಪನ ನಗು ನಿಂತಿತ್ತು. "ಸಾರ್ ಹೇಳಿದ್ರಲ್ಲ, ಎರಡು" ಎಂದ.

"ಇಲ್ಲಿ ಸಾರ್ ಯಾರೂ ಇಲ್ಲ. ನೀನು ಕಂಡದ್ದು ಹೇಳು."

"ಎರಡೇ."

ನೊರ್ಬರ್ಟನಿಗೆ ಸಮಾಧಾನವಾಗಲಿಲ್ಲ. "ತೃಪ್ತಿ, ನೀನು ಹತ್ರ ಇದ್ದಿಯಲ್ಲ ಮಗಾ?"

ಅವಳು ನನ್ನನ್ನು ನೋಡಿದಳು. "ಟೂ, ಅಂಕಲ್" ಎಂದಳು.

ಸೋತವರು ಚೆಂಡಿನ ಮೇಲೆ ತಾರೀಕು, ಸ್ಕೋರು ಬರೆದು ಗೆದ್ದವರಿಗೆ ಕೊಡುವುದು ಆ ಆಟದ ಪದ್ಧತಿ. ತನಿಯಪ್ಪ ತನ್ನ ಕೈಯಾರೆ ಹದಿನೇಳು–ಹದಿನಾರು ಎಂದು ಬರೆದು ಕೊಟ್ಟ. ಕಾರಿನಲ್ಲಿ ಅದನ್ನು ತೃಪ್ತಿಯ ಮಡಿಲಲ್ಲಿಟ್ಟೆ. ಅವಳು ಅದನ್ನು ಮುಟ್ಟದೆ ಕಿಟಕಿಯ ಹೊರಗೆ ನೋಡುತ್ತಾ ಕೂತಳು. ಮನೆಯಲ್ಲಿ ಹೆಂಡತಿ ಪುಷ್ಪಾವತಿ ಅದನ್ನು ಒರೆಸಿ ಶೋಕೇಸಿನಲ್ಲಿಟ್ಟಳು. ಮಗಳ ಮೊದಲ ರನ್ ಎಂದು ಊರಿಗೆ ಫೋನೂ ಮಾಡಿದಳು. ನನಗೆ ಆ ಕೋಣೆಯಲ್ಲಿ ಕೂತು ಅನ್ನ ಉಣ್ಣಲಾಗಲಿಲ್ಲ.

ಭಾನುವಾರ ಆಫೀಸಿಗೆ ಹೋದವನು ಮೊದಲು ಮಾಡಿದ ಕೆಲಸ ತನಿಯಪ್ಪನ ಅರ್ಜಿಗೆ ಸಹಿ ಹಾಕಿದ್ದು. ಅಷ್ಟಾದರೂ ಮಾಡಿದೆನಲ್ಲ ಎಂದು ಎದೆ ತುಸು ಹಗುರಾಯಿತು. ಹನ್ನೆರಡಕ್ಕೆ ಅವನು ಒಳಗೆ ಬಂದ. ಹೆಲ್ಮೆಟ್ ಕಂಕುಳಲ್ಲಿತ್ತು.

"ದೊಡ್ಡ ಉಪಕಾರ ಆಯ್ತು ಸಾರ್" ಎಂದ ತುಳುವಿನಲ್ಲಿ. ಆಮೇಲೆ ಬಾಗಿಲ ಕಡೆ ನೋಡಿ ಸ್ವರ ತಗ್ಗಿಸಿದ. "ಶುಕ್ರವಾರದ್ದು ನಾನು ಯಾರ ಹತ್ರವೂ ಬಾಯಿ ಬಿಡುದಿಲ್ಲ. ಸಾರ್ ಹೆದರ್ಬೇಡಿ."

ನನಗೆ ಕಪಾಳಕ್ಕೆ ಹೊಡೆದಂತಾಯಿತು. ಹಾಗಲ್ಲ ತನಿಯಪ್ಪ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎನ್ನಲು ಹೊರಟೆ. ಸಂಬಂಧ ಇರಲಿಲ್ಲವೇ? ಹದಿನೈದು ದಿನ ಕಾದ ಅರ್ಜಿಗೆ ಎರಡೇ ದಿನದಲ್ಲಿ ಸಹಿ ಬಿದ್ದಿತ್ತು. ನಾನು ತಲೆಯಾಡಿಸಿ ಕಳಿಸಿದೆ. ಅವನಿಂದ ಸುಳ್ಳು ಹೇಳಿಸಿದ್ದು ಸಾಲದೆಂದು ಅದಕ್ಕೆ ಕೂಲಿಯನ್ನೂ ಕೊಟ್ಟಿದ್ದೆ. ನಾಚಿಕೆಯಿಂದ ಆ ವಾರವಿಡೀ ಸೈಟಿಗೆ ಇಳಿಯಲಿಲ್ಲ.

ಮುಂದಿನ ಶುಕ್ರವಾರ ಚೆಂಡನ್ನು ಶೋಕೇಸಿನಿಂದ ತೆಗೆದು ಜೇಬಿಗೆ ಹಾಕಿಕೊಂಡು ಹೋದೆ. ಆಟ ಶುರುವಾಗುವ ಮೊದಲು ಎಲ್ಲರನ್ನೂ ಕರೆದೆ.

"ಹೋದ ವಾರ ನಾನು ಸುಳ್ಳು ಹೇಳಿದೆ. ಅದು ಒಂದೇ ಪಿಚ್. ತನಿಯಪ್ಪ ಸರಿಯಾಗಿ ಹಿಡಿದಿದ್ದ. ಗೆದ್ದದ್ದು ಅವರು" ಎಂದು ಚೆಂಡು ಚಾಚಿದೆ. ಬದುಕಿದೆ ಎನಿಸಿತು.

ತನಿಯಪ್ಪ ಚೆಂಡು ತೆಗೆದುಕೊಳ್ಳಲಿಲ್ಲ. ಅವನ ಮುಖ ಬಿಳಿಚಿಕೊಂಡಿತ್ತು. ಸೋಮವಾರ ಅವನ ವಿಮಾನ. "ಇಲ್ಲ ಇಲ್ಲ, ಎರಡೇ ಪಿಚ್. ಸಾರ್ ದೊಡ್ಡ ಮನಸ್ಸಿನಿಂದ ಹಾಗೆ ಹೇಳುದು" ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ಅವನ ಕಡೆಯವರೂ ಹೌದು ಹೌದು ಎಂದರು. ಅವರೂ ನನ್ನ ನಲವತ್ತು ಮಂದಿಯವರೇ.

"ನಾನು ಕಂಡೆ ಮಾರಾಯ, ಒಂದೇ!" ನಾನು ಬಹುತೇಕ ಜಗಳಕ್ಕೇ ನಿಂತೆ.

"ಎರಡು ಸಾರ್."

ನೊರ್ಬರ್ಟ್ ನಮ್ಮಿಬ್ಬರನ್ನೂ ನೋಡಿ ಸುಸ್ತಾದ. ಕೊನೆಗೆ ತೃಪ್ತಿಯ ಮುಂದೆ ಮೊಣಕಾಲೂರಿ ಕೂತ. "ಇನ್ನು ನೀನೇ ಹೇಳ್ಬೇಕು ಮಗಾ. ನೀನು ಎಂತ ಕಂಡದ್ದು?"

ನನ್ನ ಮಗಳು ನನ್ನ ಕಡೆ ತಿರುಗಿದಳು. ನಾವು ಕನ್ನಡದಲ್ಲಿ ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರಿಸುವವಳು, ಆವತ್ತು ನನಗೆ ತಪ್ಪದೆ ಅರ್ಥವಾಗಲಿ ಎಂಬಂತೆ ಕನ್ನಡದಲ್ಲೇ ಮೆಲ್ಲಗೆ ಕೇಳಿದಳು:

"ಈ ಸಲ ಯಾವ್ದು ಹೇಳ್ಬೇಕು, ಪಪ್ಪಾ?"