ಮೂರು ಸೆಕೆಂಡಿನ ಸುಳ್ಳು

ಬೆಳಗಿನ ಆರಕ್ಕೆ ಈಜುಕೊಳದ ನೀರಿಗೆ ಇನ್ನೂ ಎಚ್ಚರವಾಗಿರುವುದಿಲ್ಲ. ಮೇಲೆ ತೆಳ್ಳಗೆ ಹಬೆ ತೇಲುತ್ತಿರುತ್ತದೆ. ಗಾಜಿನ ಚಾವಣಿಯಿಂದ ಇಳಿದ ಬೆಳಕು ತಳದ ನೀಲಿ ಹೆಂಚುಗಳ ಮೇಲೆ ಸುಮ್ಮನೆ ಅಲೆಯುತ್ತಿರುತ್ತದೆ. ಅದರೊಳಗೆ ನನ್ನ ಹನ್ನೊಂದು ವರ್ಷದ ಮಗಳು ಸದ್ದಿಲ್ಲದೆ ಜಾರಿಹೋಗುವಾಗ, ನಾನು ದಡದಲ್ಲಿದ್ದೇನೋ ಕನಸಿನಲ್ಲಿದ್ದೇನೋ ನನಗೇ ತಿಳಿಯುವುದಿಲ್ಲ. ಕೈಯಲ್ಲಿನ ಸ್ಟಾಪ್‌ವಾಚ್ ಮಾತ್ರ ಟಿಕ್‌ಟಿಕ್ ಎನ್ನುತ್ತಿರುತ್ತದೆ.

ನಾನು ಗಡಿಯಾರ ರಿಪೇರಿಯವನು. ಕೀಲಿ ಕೊಡುವ ಆ ಹಳೇ ಸ್ಟಾಪ್‌ವಾಚ್ ನಾನೇ ಜೋಡಿಸಿದ್ದು. ಊರಿಗೆಲ್ಲ ಸರಿಯಾದ ಸಮಯ ಕೊಡುವ ಮಹಾಶಯ ನಾನು, ಹೆತ್ತ ಮಗಳಿಗೆ ಸುಳ್ಳು ಸಮಯ ಕೊಟ್ಟೆ. ನನ್ನ ಬುದ್ಧಿಗಿಷ್ಟು ಬೆಂಕಿ ಬೀಳ!

ಮೊದಲ ಸ್ಪರ್ಧೆಯಲ್ಲಿ ಅವಳು ಗೆದ್ದಿದ್ದಳು. ಪದಕವನ್ನು ಕೊರಳಿಂದ ತೆಗೆಯದೆ ಮಲಗಿದ್ದಳು. ನನ್ನ ಕಾಲೂ ನೆಲದ ಮೇಲಿರಲಿಲ್ಲ. ಎರಡನೆಯದರಲ್ಲಿ ಐವತ್ತು ಮೀಟರಿಗೆ ನಲವತ್ತಾರು ಸೆಕೆಂಡು, ಎಲ್ಲರಿಗಿಂತ ಕೊನೆ. ಅಂದೇ ಈಜುಡುಗೆಯ ಚೀಲ ಮಂಚದಡಿ ಸೇರಿತು. ಊಟಕ್ಕೆ ಕೂತರೂ ತಲೆ ಎತ್ತಳು. ಅಂಗಡಿಯಲ್ಲಿ ಸ್ಟಾಪ್‌ವಾಚ್ ಬಿಚ್ಚಿ, ಒಳಗಿನ ಕೂದಲೆಳೆಯಂಥ ಸ್ಪ್ರಿಂಗನ್ನು ಒಂಚೂರು ಸಡಿಲಿಸಿದೆ. ಮುಳ್ಳು ನಿಧಾನವಾಯಿತು, ನಿಜಕ್ಕಿಂತ ಕಡಿಮೆ ಸಮಯ ತೋರಿಸತೊಡಗಿತು. ಪುಸಲಾಯಿಸಿ ಅವಳನ್ನು ಮತ್ತೆ ಕೊಳಕ್ಕೆ ಕರೆತಂದೆ. ಈಜು ತಿದ್ದುವುದು ಕೋಚ್ ಕೆಲಸ, ಸಮಯ ನೋಡುವುದು ನನ್ನದು.

"ನಲವತ್ತೈದು!" ಎಂದು ಕೂಗಿದೆ. ಅವಳ ಮುಖ ಅರಳಿತು. ಆ ಮುಖದ ಆಸೆಗೆ ಬಿದ್ದು ವಾರವಾರವೂ ಇನ್ನಷ್ಟು ಸಡಿಲಿಸಿ, ನಲವತ್ತೆರಡಕ್ಕೆ ತಂದು ನಿಲ್ಲಿಸಿದೆ.

ಮೂರನೆಯ ಸ್ಪರ್ಧೆಯಲ್ಲಿ ಅವಳಿಗೆ ಐದನೆಯ ಸ್ಥಾನ. ಗೋಡೆಯ ಫಲಕದಲ್ಲಿ ನಲವತ್ತೈದು ಎಂದು ಮೂಡಿತು. ಅವಳು ನೀರಲ್ಲೇ ನಿಂತು ಬಹಳ ಹೊತ್ತು ಅದನ್ನೇ ನೋಡಿದಳು.

ಬಸ್ಸಿನ ಕಿಟಕಿಗೆ ಒದ್ದೆ ತಲೆ ಆನಿಸಿ ಹೇಳಿದಳು: "ಪ್ರಾಕ್ಟೀಸಲ್ಲಿ ನಲವತ್ತೆರಡು ಬರ್ತಿತ್ತು, ಮೂರು ಸೆಕೆಂಡು ಹಿಂದೆ ಬಿದ್ದೆ ಅಪ್ಪ. ಅಷ್ಟು ಕಷ್ಟಪಟ್ರೂ ಇನ್ನೂ ಕೆಟ್ಟೋದೆ. ಸಾಕು, ಬಿಟ್ಬಿಡ್ತೀನಿ."

ಮಗು ನಿಜವಾಗಿಯೂ ಒಂದು ಸೆಕೆಂಡು ಗೆದ್ದಿತ್ತು. ಅದನ್ನು ಕದ್ದವನು ನಾನು.

ಮನೆಗೆ ಹೋಗದೆ ಅಂಗಡಿಗೇ ಕರೆದೊಯ್ದೆ. ದೀಪದಡಿ ಸ್ಟಾಪ್‌ವಾಚ್ ಬಿಚ್ಚಿ, ಭೂತಗನ್ನಡಿಯನ್ನು ಅವಳ ಕೈಗಿಟ್ಟೆ. "ನೋಡು ಪುಟ್ಟಿ, ಈ ಸ್ಪ್ರಿಂಗ್ ಸಡಿಲ ಮಾಡಿದ್ದು ನಾನೇ. ಅದಕ್ಕೇ ಇದು ಕಡಿಮೆ ಟೈಮ್ ತೋರಿಸ್ತಿತ್ತು. ನೀನು ಸಪ್ಪಗಿದ್ದದ್ದು ನೋಡೋಕಾಗ್ಲಿಲ್ಲ."

ಗೋಡೆಯ ತುಂಬ ಗಡಿಯಾರಗಳು ಒಂದೊಂದು ಲಯದಲ್ಲಿ ಬಡಿದುಕೊಳ್ಳುತ್ತಿದ್ದವು. ಅವಳ ಕಣ್ಣು ತುಂಬಿ ಬಂತು, ಮೂಗು ಕೆಂಪಾಯಿತು. ನನ್ನ ಕಡೆ ನೋಡಲೇ ಇಲ್ಲ. ಆಮೇಲೆ ಬೆರಳು ಮಡಚಿ ಲೆಕ್ಕ ಹಾಕಿದಳು.

"ಹಾಗಾದ್ರೆ ಹೋದ ಸಲ ನಲವತ್ತಾರು, ಈ ಸಲ ನಲವತ್ತೈದು. ಇದು ನಿಜ ತಾನೇ?"

"ನಿನ್ನಾಣೆಗೂ ನಿಜ."

"ಅಂದ್ರೆ ಒಂದು ಸೆಕೆಂಡು ನಂದೇ." ಮೂಗು ಒರೆಸಿಕೊಂಡಳು. "ಇನ್ಮೇಲೆ ನೀನು ಟೈಮ್ ನೋಡ್ಬೇಡ. ಕೋಚ್ ನೋಡ್ಲಿ. ನೀನು ಟವೆಲ್ ಹಿಡ್ಕೊಂಡು ನಿಂತ್ಕೋ."

ಮರುದಿನ ಕೊಳದ ಮೇಲೆ ಅದೇ ಹಬೆ, ಅದೇ ನಿದ್ದೆಗಣ್ಣಿನ ಬೆಳಕು. ಕೋಚ್ ಕೈಯಲ್ಲಿ ಅವರದೇ ಸ್ಟಾಪ್‌ವಾಚ್ ಇತ್ತು. ನಾನು ಶಿಕ್ಷೆಗೊಳಗಾದವನಂತೆ ಟವೆಲ್ ಹರಡಿ ನಿಂತಿದ್ದೆ. ಅವಳು ಬಂದು ಗೋಡೆ ಮುಟ್ಟಿದಳು. ಕೋಚ್ ಏನೋ ಕೂಗಿದರು, ನೀರಿನ ಸದ್ದಿನಲ್ಲಿ ನನಗೆ ಕೇಳಿಸಲಿಲ್ಲ. ಅವಳು ಮೇಲೆದ್ದು, ನಡುಗುತ್ತ ನೇರ ನನ್ನ ಟವೆಲಿನೊಳಗೆ ಬಂದಳು.

ಎಷ್ಟು ಎಂದು ನಾನು ಕೇಳಲಿಲ್ಲ.