ಪರದೆಯ ಮೇಲಿನ ನೆಲ

ನಾನು ಒಂದು ಹಾರದ ವಿಮಾನ. ನನಗೆ ರೆಕ್ಕೆಯಿಲ್ಲ, ಬಾಲವಿಲ್ಲ; ಇರುವುದು ಚಾಲಕನ ಕೋಣೆಯೊಂದೇ. ಕಾರ್ಖಾನೆಯವರು ನನ್ನನ್ನು ಕಟ್ಟಿ, ಎದುರಿಗೆ ಬಿಳಿ ಪರದೆ ನಿಲ್ಲಿಸಿ, ಅದರ ಮೇಲೆ ಆಕಾಶ, ಹೊಲ, ರನ್‌ವೇ ಎಲ್ಲವನ್ನೂ ಮೂಡಿಸಿದರು. ಧಾರವಾಡದ ಕಡೆಯ ಒಂದು ಹಾರಾಟ ಶಾಲೆಗೆ ಬಂದೆ.

ಹುಡುಗರು ನನ್ನೊಳಗೆ ಎಷ್ಟು ಸಲ ಬಿದ್ದರೂ ನಗುತ್ತ ಇಳಿದು ಹೋಗುತ್ತಿದ್ದರು. ನನಗೂ ಅದೊಂದು ಹೆಮ್ಮೆ. ಆದರೆ ನನ್ನಲ್ಲಿ ಎಲ್ಲರಿಗಿಂತ ಚೆನ್ನಾಗಿ ಇಳಿಸುತ್ತಿದ್ದ ಉಲ್ಲಾಸ, ನಿಜವಾದ ವಿಮಾನದಲ್ಲಿ ನೆಲ ಬಂತೆಂದು ಬಗೆದು ಎತ್ತರದಲ್ಲೇ ಅದರ ಮೂತಿ ಎತ್ತಿಬಿಟ್ಟ. ವೇಗ ಸತ್ತು ವಿಮಾನ ಕಲ್ಲಿನಂತೆ ಬಿತ್ತು. ಅವನ ಬೆನ್ನುಮೂಳೆ ಮುರಿಯಿತು. ಅಂದಿನಿಂದ ನನ್ನ ಪರದೆಯೇ ನನಗೆ ಭಯ. ನಾನು ತೋರಿಸುವ ನೆಲ ಕಣ್ಣಿನಿಂದ ಎರಡು ಮಾರು ದೂರದ ಬಟ್ಟೆ. ಅದಕ್ಕೆ ಆಳವೇ ಇಲ್ಲ.

ಆಮೇಲೆ ಬಂದವಳು ಗದಗಿನ ಇಂದುಮತಿ. ಅವಳ ಅಂಗೈ ಬೆವರಿ ನನ್ನ ಹಿಡಿ ಒದ್ದೆಯಾಗುತ್ತಿತ್ತು. ಪ್ರತಿ ಸಲವೂ ಅದನ್ನು ತಡವಾಗಿ ಎಳೆದು ನೆಲಕ್ಕೆ ಅಪ್ಪಳಿಸುತ್ತಿದ್ದಳು.

"ಸರ್, ನೆಲ ಎಲ್ಲೈತಿ ಅಂತ ತಿಳೀವಲ್ದ್ರೀ. ನನ್ನ ಕಣ್ಣಾಗ ಏನರ ದೋಷ ಐತೇನ್ರೀ? ಉಲ್ಲಾಸನಂಗ ನಾನೂ..."

ಪಾಠ ಹೇಳುತ್ತಿದ್ದ ಕ್ಯಾಪ್ಟನ್ ಮುತ್ತಣ್ಣ ಅವಳ ಮಾತು ತಡೆದರು. "ಒಂದು ಕಣ್ಣು ಮುಚ್ಚಿ ನೋಡಮ್ಮ."

ಮುಚ್ಚಿದಳು. "ಅಯ್ಯ! ರನ್‌ವೇ ಒಳಗ ಒಳಗ ಹೋದಂಗಾತ್ರೀ!"

"ನಿನ್ನ ಕಣ್ಣು ಚೆನ್ನಾಗಿಯೇ ಇದೆ. ಎರಡೂ ಸೇರಿ ಇದು ಹತ್ತಿರದ ಪರದೆ ಅಂತ ಹಿಡಿದುಬಿಡುತ್ತವೆ. ಹೊರಗೆ ಇಳಿಸುವಾಗ ದೂರಕ್ಕೆ ನೋಡು. ರನ್‌ವೇ ಹೇಗೆ ಅಗಲವಾಗುತ್ತೆ, ಅಂಚಿನ ಹುಲ್ಲು ಹೇಗೆ ಓಡುತ್ತೆ ನೋಡು. ಈ ಯಂತ್ರ ಅದನ್ನು ಕಲಿಸೋದಿಲ್ಲ."

ಆ ಮಾತು ಕೇಳಿ ನಾನು ಇನ್ನಷ್ಟು ಹೆದರಿದೆ.

ಅವಳು ಮೊದಲ ಸಲ ಒಬ್ಬಳೇ ಹಾರಿದ ದಿನ, ಗೋಡೆಯಾಚೆ ಎಂಜಿನ್ನಿನ ಸದ್ದು ಕೆಳಗಿಳಿಯಿತು. ಚಕ್ರ ಕಿರುಚಿತು. ಸದ್ದಡಗಿತು. ಮತ್ತೆ ಕಿರುಚಿತು. ಆಮೇಲೆ ಏನೂ ಇಲ್ಲ. ಮುಗಿಯಿತು, ಇವಳೂ ಬಿದ್ದಳು ಎಂದುಕೊಂಡೆ.

ಬಾಗಿಲು ತೆರೆಯಿತು. ಇಂದುಮತಿ ಬಂದು ನನ್ನ ಸೀಟಿನಲ್ಲೇ ಕುಳಿತಳು; ಹಿಂದೆಯೇ ಮುತ್ತಣ್ಣ ಬಂದರು.

"ನೆಲ ಎದ್ದು ಮೈಮ್ಯಾಲೆ ಬಂದಂಗಾತ್ರೀ ಸರ್. ವಿಮಾನ ಒಮ್ಮೆ ಪುಟಿದು ಮತ್ತ ಕುಂತಿತು. ಭಾಳ ಅಂಜಿದೆ."

"ಅಂಜಿದ್ದಕ್ಕೇ ಕಣ್ಣುಬಿಟ್ಟು ನೋಡಿದ್ದೀಯ," ಎಂದರು ಮುತ್ತಣ್ಣ.

ಈಗ ನನ್ನನ್ನು ಹಿಂದಿನ ಶೆಡ್ಡಿಗೆ ತಳ್ಳಿದ್ದಾರೆ. ನನ್ನ ಜಾಗದಲ್ಲಿ ದೊಡ್ಡ ಬಾಗುಗನ್ನಡಿಯ ಹೊಸ ಯಂತ್ರ ನಿಂತಿದೆ. ಅದರೊಳಗಿನ ಬೆಟ್ಟ ಎರಡೂ ಕಣ್ಣು ತೆರೆದು ನೋಡಿದರೂ ಮೈಲಿಗಟ್ಟಲೆ ದೂರ ಕಾಣುತ್ತದಂತೆ. "ಥೇಟ್ ಖರೇನ ಐತಲೇ!" ಎಂದು ಹುಡುಗರು ಕೂಗುವುದು ಇಲ್ಲಿಗೂ ಕೇಳಿಸುತ್ತದೆ. ನನ್ನ ಸುಳ್ಳನ್ನು ಅವರ ಕಣ್ಣುಗಳು ಹಿಡಿಯುತ್ತಿದ್ದವು. ಇದರ ಸುಳ್ಳನ್ನು ಯಾರು ಹಿಡಿಯಬೇಕು?